ಅಂಡಿಗೆಯೊಳಗಿನ ಮೈ

ಕೊಪ್ಪಳದ ಅಮರಪ್ಪ ಸಾವುಕಾರರ ಹತ್ತಿ ಜಿನ್ನಿನ ಅಂಗಳದಲ್ಲಿ, ಆಳುಗಳೆಲ್ಲ ನೋಡುತ್ತಿರುವಾಗ, ಜ್ವರದಲ್ಲಿ ಸೊರಗಿ ಕೆಲಸಕ್ಕೆ ಮರಳಿದ ಓಬಳೆಪ್ಪನ ಅಂಗಿ ಬಿಚ್ಚಿಸಿ ಅವನನ್ನು ಹತ್ತಿಯ ತಕ್ಕಡಿಯಲ್ಲಿ ಕೂರಿಸಿ ತೂಗಿದರು. ಮುನೀಮ ಯಂಕೋಬ ತೂಕವನ್ನು ಗಟ್ಟಿಯಾಗಿ ಕೂಗಿ ಹೇಳಿ, ಉಳಿದದ್ದು ಎಲ್ಲಿ ಹೋಯಿತು ಎಂದು ನಗುತ್ತ ಕೇಳಿದ. ಆಮೇಲೆ, ನಾಳೆ ಬಂದು ಗೋಣಿಚೀಲದಲ್ಲಿ ಅರಳೆ ಒತ್ತಿ ಒಂದು ಅಂಡಿಗೆ ತುಳಿದು ತೋರಿಸು, ಅಂಡಿಗೆ ಗಟ್ಟಿಯಾಗದಿದ್ದರೆ ಈ ಸುಗ್ಗಿಯಿಂದ ಹೆಂಗಸರ ಸಾಲಿನಲ್ಲಿ ಕೂತು ಕಸ ಆರಿಸು ಎಂದು ಹೇಳಿ ಕಳಿಸಿದರು.

ಅದು ನಿನ್ನೆಯ ಮಾತು. ಇವತ್ತು ಬೆಳಕು ಹರಿಯುವ ಮೊದಲೇ ಓಬಳೆಪ್ಪನಿಗೆ ಎಚ್ಚರವಾಗಿತ್ತು. ಎದ್ದರೆ ದಿನ ಶುರುವಾಗಿಬಿಡುತ್ತದೆ ಎಂದು ಕಣ್ಣು ಮುಚ್ಚಿಕೊಂಡೇ ಬಿದ್ದಿದ್ದ. ಮಗ್ಗುಲು ಬದಲಿಸಬೇಕೆನಿಸಿತು. ಮೊಳಕೈ ಊರಿ, ಉಸಿರು ಬಿಗಿಹಿಡಿದು, ಹೊಟ್ಟೆಯ ಭಾರವನ್ನು ಮೊದಲು ಹೊರಳಿಸಿ ಆಮೇಲೆ ಬೆನ್ನನ್ನು ಎಳೆದುಕೊಳ್ಳುವ ಹಳೆಯ ರೂಢಿಯಂತೆ ಮೈಯನ್ನು ಒಮ್ಮೆಲೇ ನೂಕಿದ. ತುಂಬಿದೆ ಎಂದುಕೊಂಡು ಖಾಲಿ ಕೊಡ ಎತ್ತಿದ ಹಾಗೆ ಮೈ ಸರಕ್ಕನೆ ಹೊರಳಿ ಮೂಗು ಗೋಡೆಗೆ ಬಡಿಯಿತು. ಅಲ್ಲೇ ಇದ್ದ, ಗೋಡೆಯ ಮಣ್ಣಿನ ವಾಸನೆ ಎಳೆದುಕೊಳ್ಳುತ್ತ. ಜ್ವರ ಬಿಟ್ಟು ಎದ್ದು ಇಷ್ಟು ದಿನವಾದರೂ ಒಳಗಿರುವ ಹಳೆಯ ದಪ್ಪ ಮನುಷ್ಯನಿಗೆ ಮೈ ಕರಗಿದ ಸುದ್ದಿ ಇನ್ನೂ ಮುಟ್ಟಿಲ್ಲ. ಅವನು ಈಗಲೂ ಬಾಗಿಲಲ್ಲಿ ಅಡ್ಡಕ್ಕೆ ತಿರುಗಿ ದಾಟುತ್ತಾನೆ. ಯಾರದೋ ಹೊರಸಿನ ಮೇಲೆ ಕೂರು ಎಂದರೆ ನಡುವಿನ ಹಗ್ಗವನ್ನು ಬಿಟ್ಟು ಕಟ್ಟಿಗೆಯ ಅಂಚಿನಲ್ಲಿ ಕೂರುತ್ತಾನೆ. ಗಟಾರದ ಮೇಲಿನ ಕಲ್ಲು ಚಪ್ಪಡಿ ದಾಟುವಾಗ ಮುರಿದೀತು ಎಂದು ಹೆಜ್ಜೆ ಹಗುರ ಮಾಡುತ್ತಾನೆ. ಹೊರಗೆ ನೋಡಿದರೆ ಏನಿದೆ? ಕಂಬಳಿಯ ಕೆಳಗೆ ಕೈಯಾಡಿಸಿದ. ಪಕ್ಕೆಯ ಎಲುಬುಗಳು ಒಂದೊಂದಾಗಿ ಸಿಕ್ಕವು. ಎಲುಬು ಮುಗಿದಲ್ಲಿ ತೊಗಲು. ತನ್ನದೇ ತೊಗಲು, ಒಳಗಿನದನ್ನು ಸುರಿದು ಬಿಸಾಕಿದ ಚೀಲದಂತೆ ಮಡಿಕೆ ಮಡಿಕೆಯಾಗಿ ಜೋತುಬಿದ್ದಿತ್ತು. ಎಡಪಕ್ಕೆಯ ಕೆಳಗೆ ಜ್ವರಗಡ್ಡೆ, ಮುಷ್ಟಿಯಷ್ಟು. ಗಡ್ಡೆಯ ಮೇಲೆ, ಅದು ಕರಗಲೆಂದು ಗಾಳೆಮ್ಮ ಮುದುಕಿ ಕಾಸಿದ ಕುಡುಗೋಲಿನಿಂದ ಎಳೆದ ಬರೆಗಳು. ಅವುಗಳ ಮೇಲೆ ಬೆರಳು ನಿಂತಿತು. ಕೈ ಹಿಂದಕ್ಕೆ ಎಳೆದುಕೊಂಡ, ಬೇರೆಯವರ ಮೈ ಮುಟ್ಟಿದವನ ಹಾಗೆ.

ನಿನ್ನೆ ತಕ್ಕಡಿಯ ಹಲಗೆ ತಣ್ಣಗಿತ್ತು. ಸರಪಳಿಗಳು ಕಿವಿಯ ಹತ್ತಿರ ಕಿರ್ರೆಂದವು. ಆಚೆಯ ಹಲಗೆಯಲ್ಲಿ ಹೋದ ವರ್ಷದ ಅಂದಾಜಿನಲ್ಲಿ ತೂಕದ ಗುಂಡುಗಳನ್ನು ಪೇರಿಸಿದ್ದರು. ಅವನು ಕೂತ ಹಲಗೆ ನೆಲ ಬಿಟ್ಟು ಮೇಲಕ್ಕೆದ್ದು ಗಾಳಿಯಲ್ಲಿ ತೂಗಾಡಿತು. ಯಾರೋ ಹಿಂದಿನಿಂದ, "ಆನಿ ಹಾರೇತ್ರಿ! ಒಂದು ಗುಂಡ ಇಳಸ್ರಿ" ಎಂದರು. ಇಳಿಸಿದರು. "ಇನ್ನಾ ಮ್ಯಾಲೇ ಐತಿ, ಇನ್ನೊಂದ." ಇನ್ನೊಂದನ್ನೂ ಇಳಿಸಿದರು. ಅಮರಪ್ಪ ಸಾವುಕಾರರು ಕುರ್ಚಿಯಲ್ಲಿ ಕೂತು ನಕ್ಕು ನಕ್ಕು ಕಣ್ಣೊರೆಸಿಕೊಳ್ಳುತ್ತಿದ್ದರು. ನಕ್ಕದ್ದನ್ನು ಓಬಳೆಪ್ಪ ತಡೆದುಕೊಂಡಿದ್ದ. ನಗುವವರ ಮಧ್ಯೆಯೇ ಬೆಳೆದವನು ಅವನು. ಈಗ ಗೋಡೆಗೆ ಮೂಗು ಹಚ್ಚಿ ಬಿದ್ದವನನ್ನು ಕಾಡುತ್ತಿದ್ದುದು ಬೇರೆ, ಯಾರಿಗೂ ಗೊತ್ತಾಗದ್ದು. ಗುಂಡು ಇಳಿಸುತ್ತಿದ್ದಾಗ ಅವನು ಉಸಿರು ಬಿಗಿಹಿಡಿದಿದ್ದ. ಕುಂಡೆಯನ್ನು ಹಲಗೆಗೆ ಒತ್ತಿ, ಹಲ್ಲು ಕಚ್ಚಿ, ಮೈಯನ್ನೆಲ್ಲ ಕೆಳಕ್ಕೆ ತಳ್ಳಿದ್ದ. ಹಾಗೆ ಮಾಡಿದರೆ ತೂಕ ಜಾಸ್ತಿ ಬಂದೀತು ಎಂದು. ಸಾವುಕಾರರ ಮುಂದೆ ಛಲೋ ತೂಗಬೇಕು ಎಂದು ಒದ್ದಾಡಿದ್ದ.

"ಏಳ್ರಿ. ರೊಟ್ಟಿ ಆರತಾವು."

ದುರಗಮ್ಮ ಒಲೆಯ ಮುಂದಿನಿಂದ ಕರೆದಳು. ಅವನು ಕಂಬಳಿ ಹೊದ್ದುಕೊಂಡೇ ಎದ್ದು, ಅವಳು ಅತ್ತ ತಿರುಗಿದಾಗ ಅಂಗಿಯೊಳಗೆ ತೂರಿಕೊಂಡ. ಅಂಗಿ ಹಳೆಯದೇ, ಹಳೆಯ ಮೈಗೆ ಹೊಲಿಸಿದ್ದು. ಹೆಗಲು ಮೊಳಕೈಗೆ ಇಳಿದು ತೂಗಾಡುತ್ತಿತ್ತು. ಅವಳು ಹೆಂಡತಿ, ಜ್ವರದಲ್ಲಿ ಹೇಲು ಉಚ್ಚೆ ಬಳಿದವಳು, ಅವಳಿಗೆ ಕಾಣದ್ದು ಈ ಮೈಯಲ್ಲಿ ಏನಿದೆ? ಆದರೂ ಜ್ವರ ಬಿಟ್ಟಂದಿನಿಂದ ಅವನು ಅವಳ ಮುಂದೆ ಬರಿಮೈಯಲ್ಲಿ ನಿಂತಿಲ್ಲ. ಬಚ್ಚಲಿಗೆ ಹಗಲು ಹೋಗುವುದಿಲ್ಲ.

ತಟ್ಟೆಯಲ್ಲಿ ಎರಡು ಬಿಸಿ ರೊಟ್ಟಿ, ಪುಂಡಿಪಲ್ಯ, ಮೇಲೆ ಒಂದು ಉಂಡೆ ಬೆಣ್ಣೆ. ಅಳವಂಡಿಯಿಂದ ಅವಳ ತಾಯಿ ಕಳಿಸಿದ ಬೆಣ್ಣೆ. ಅವಳ ಕೈಯಲ್ಲಿ ನಿನ್ನೆಯ ಒಣರೊಟ್ಟಿ. ಅವನು ತುತ್ತು ಮುರಿದ. ಅವಳು ನೋಡದ ಹಾಗೆ ನೋಡುತ್ತಿದ್ದಳು, ತುತ್ತು ಬಾಯಿಗೆ ಹೋಗುತ್ತದೋ ಇಲ್ಲವೋ, ಗಂಟಲಲ್ಲಿ ಇಳಿಯುತ್ತದೋ ಇಲ್ಲವೋ ಎಂದು. ಕಟ್ಟಿಹಾಕಿ ಮೇಯಿಸುವ ಎಮ್ಮೆಯನ್ನು ನೋಡುವ ಕಣ್ಣು ಎನಿಸಿತು ಅವನಿಗೆ. ಹಾಗೆ ಎನಿಸಿದ್ದಕ್ಕೆ ನಾಚಿಕೆಯೂ ಆಯಿತು. ತುತ್ತು ಬಾಯಲ್ಲಿ ಹಿಟ್ಟಾಗಿ ಅಲ್ಲೇ ನಿಂತಿತು. ಅಳವಂಡಿಯ ಮದುವೆಯಲ್ಲಿ ಬೀಗರ ಹೆಂಗಸರು ಹಾಡು ಕಟ್ಟಿ ಹಾಡಿದ್ದರು, ಅಳಿಯ ಮಲಗಿದರೆ ಹೊರಸಿಗೆ ಊರುಗೋಲು ಬೇಕೆಂದು, ಹುಡುಗಿಯನ್ನು ಬೆಳಿಗ್ಗೆ ಚಾಪೆಯಂತೆ ಸುತ್ತಿ ಎತ್ತಬೇಕೆಂದು. ಬಾಸಿಂಗದ ಕೆಳಗೆ ಅವನು ಬೆವೆತು, ಈ ಮೈ ಕರಗಿಹೋಗಲಿ ಎಂದು ಕಂಡ ದೇವರಿಗೆಲ್ಲ ಬೇಡಿಕೊಂಡಿದ್ದ. ಚಿಕ್ಕವನಿದ್ದಾಗಿನಿಂದಲೂ ಬೇಡಿಕೊಂಡದ್ದು ಅದನ್ನೇ. ದೇವರು ಕೇಳಿಸಿಕೊಂಡ, ಇಷ್ಟು ತಡವಾಗಿ. ಮೊದಮೊದಲು ಅವಳ ಮೇಲೆ ಕೈ ಹಾಕಲು ಹೆದರಿ ಅವನು ಮಲಗಿದ್ದಾಗ, ಹೊಸ ಹುಡುಗಿ ದುರಗಮ್ಮ ಕತ್ತಲಲ್ಲಿ ನಕ್ಕು, "ಹಾಕ್ರಿ ಕೈ, ಮಾಳಿಗಿ ಬಿದ್ದಂಗ ಏನ ಆಗಂಗಿಲ್ಲ" ಎಂದಿದ್ದಳು. ಆ ಕೈಯ ಭಾರಕ್ಕೆ ಅವಳಿಗೆ ನಿದ್ದೆ ಬರುತ್ತಿತ್ತಂತೆ. ಈಗ ಎಂದಾದರೂ ನಿದ್ದೆಗಣ್ಣಲ್ಲಿ ಅವನ ಕೈ ಅವಳ ಮೇಲೆ ಬಿದ್ದರೆ, ಹಕ್ಕಿಯ ಮರಿಯನ್ನು ಎತ್ತಿಡುವಂತೆ ಮೆಲ್ಲಗೆ ಎತ್ತಿ ಈಚೆಗೆ ಇಡುತ್ತಾಳೆ. ಅವನಿಗೆ ನೋವಾದೀತೆಂದು. ಅದಕ್ಕೇ ಅವನು ಗೋಡೆಯ ಕಡೆ ತಿರುಗಿ ಮಲಗುವುದು.

"ಇವತ್ತ ಹೋಗಬ್ಯಾಡ್ರಿ" ಎಂದಳು ದುರಗಮ್ಮ.

"ಹೋಗದ್ರ?"

"ಏನಾಗ್ತೈತಿ? ಅವರು ತುಳಿಯಾಕ ಬ್ಯಾರೇದವನ್ನ ನೋಡ್ಕೋತಾರ. ನೀವು ಕಸಾ ಆರಸಾಕ ಬರ್ರಿ ನನ್ನ ಜೋಡಿ. ನೆಳ್ಳಾಗ ಕುಂತ ಮಾಡೂ ಕೆಲಸ. ಮೈಯಾಗ ಶಕ್ತಿ ಬರೂತನಕ."

"ಹೆಂಗಸರ ಸಾಲಿನಾಗ."

"ಹೆಂಗಸರಂದ್ರ? ನಾವೇನ ನಿಮ್ಮನ್ನ ಕಚ್ಚತೀವೇನು?"

"ನಿನಗ ತಿಳಿಯಂಗಿಲ್ಲ, ಸುಮ್ಕಿರು."

"ಹೌದ್ರಿ, ನಂಗೇನ ತಿಳಿತೈತಿ." ಅವಳು ಒಲೆಯ ಕೊಳ್ಳಿಯನ್ನು ಎಳೆದು ಬೂದಿಯಲ್ಲಿ ಒರಸಿದಳು. "ಈ ರೊಟ್ಟಿ ಯಾರು ಕಸಾ ಆರಿಸಿ ತಂದಿದ್ದು, ಅಷ್ಟಾದ್ರೂ ತಿಳಿತೈತ್ರಿ."

ಅವನು ತಟ್ಟೆಯನ್ನು ದೂಡಿದ. ದೂಡಿದ್ದು ಜೋರಾಗಲಿಲ್ಲ, ತಟ್ಟೆ ಸ್ವಲ್ಪ ಸರಿದು ನಿಂತಿತು. ಮೊದಲಾಗಿದ್ದರೆ ಅದು ಹೊಸ್ತಿಲು ದಾಟುತ್ತಿತ್ತು. ಅವಳಿಗೆ ತನ್ನ ಮಾತು ತನಗೇ ಚುಚ್ಚಿರಬೇಕು. ಕೊಡ ಎತ್ತಿಕೊಂಡು ನೀರಿಗೆ ಹೋದಳು.

ಅವಳು ಓಣಿಯ ತಿರುವು ದಾಟಿದ ಮೇಲೆ ಓಬಳೆಪ್ಪ ಬಾಗಿಲು ಮುಂದೆ ಮಾಡಿದ. ತೊಲೆಯ ಮೇಲಿದ್ದ ಹರಕು ಕೌದಿಯನ್ನು ಇಳಿಸಿದ. ಅಂಗಿ ತೆಗೆದು, ಕೌದಿಯನ್ನು ಎದೆಯಿಂದ ಹೊಟ್ಟೆಯವರೆಗೆ ಸುತ್ತಿ ಸುತ್ತಿ, ಮೇಲೆ ಹಗ್ಗ ಬಿಗಿದು, ಅಂಗಿ ಹಾಕಿಕೊಂಡ. ಅಂಗಿ ತುಂಬಿತು. ಗುಂಡಿಗಳು ಎಳೆದುಕೊಂಡು ನಿಂತವು. ದುರಗಮ್ಮ ಕುಂಕುಮ ಹಚ್ಚಿಕೊಳ್ಳುವ ಕನ್ನಡಿ ಗೂಡಿನಲ್ಲಿತ್ತು, ಅಂಗೈಯಷ್ಟು. ಅದನ್ನು ಹಿಡಿದು ಕೈ ಚಾಚಿದ. ಒಂದು ಭುಜ ಕಂಡಿತು. ಸರಿಸಿದ, ಹೊಟ್ಟೆ ಕಂಡಿತು, ದುಂಡಗೆ, ಹಳೆಯ ಗೆಳೆಯನ ಹಾಗೆ. ಮೇಲಕ್ಕೆ ಎತ್ತಿದ, ಕುತ್ತಿಗೆ ಕಂಡಿತು, ಕೋಳಿಯ ಕುತ್ತಿಗೆ, ಅದರ ಮೇಲೆ ಗುಳಿಬಿದ್ದ ಕೆನ್ನೆ, ಯಾರದೋ ಎರಡು ಕಣ್ಣು. ಹೊಟ್ಟೆಯನ್ನೂ ಮುಖವನ್ನೂ ಒಟ್ಟಿಗೆ ಹಿಡಿಯಲು ಆ ಕನ್ನಡಿಗೆ ಆಗಲಿಲ್ಲ. ಅವನು ಅದನ್ನು ಮೇಲೆ ಕೆಳಗೆ ಆಡಿಸುತ್ತ ನಿಂತ, ತುಂಡು ತುಂಡಾಗಿ ಕಂಡದ್ದನ್ನೆಲ್ಲ ಜೋಡಿಸಿದರೆ ಯಾವನಾದರೂ ಒಬ್ಬ ಆದಾನೇನೋ ಎಂದು. ಆಗಲಿಲ್ಲ. ಕನ್ನಡಿಯನ್ನು ಬೋರಲು ಹಾಕಿ ಹೊರಟ.

ಬಿಸಿಲು ಆಗಲೇ ಏರಿತ್ತು. ಸ್ಟೇಶನ್ನಿನ ಕಡೆಯ ದಾರಿಯಲ್ಲಿ ಹತ್ತಿಯ ಬಂಡಿಗಳು ಸಾಲುಗಟ್ಟಿದ್ದವು. ಕುಷ್ಟಗಿ ಕಡೆಯವು, ಯಲಬುರ್ಗಾ ಕಡೆಯವು. ಕೌದಿಯೊಳಗೆ ಬೆವರು ಇಳಿಯತೊಡಗಿತು. ಆದರೆ ನಡಿಗೆ ಮಾತ್ರ ಸರಿಯಾಗಿತ್ತು. ಹೊಟ್ಟೆಯ ಮುಂದೆ ಏನೋ ಇದೆ ಎಂದು ಬೆನ್ನು ತಾನಾಗಿ ಹಿಂದಕ್ಕೆ ಬಾಗಿತು, ಕೈಗಳು ಅಗಲವಾಗಿ ಬೀಸಿದವು. ಬಂಡಿಯವನೊಬ್ಬ ಎತ್ತನ್ನು ಎಳೆದು ದಾರಿ ಬಿಟ್ಟ. ಅಷ್ಟಕ್ಕೇ ಓಬಳೆಪ್ಪನ ಕಣ್ಣು ತುಂಬಿ ಬಂತು. ಜಿನ್ನಿನ ಹಿಂದಿನ ಬಾಗಿಲ ಹತ್ತಿರ ಹೆಂಗಸರು ಹತ್ತಿಯ ರಾಶಿಯ ಸುತ್ತ ಕೂತು ಎಲೆಪುಡಿ, ಕಾಯಿಸಿಪ್ಪೆ ಆರಿಸುತ್ತಿದ್ದರು. ಪಕ್ಕೀರವ್ವ, ಬಾಯಿ ಸುಮ್ಮನಿರದ ವಿಧವೆ, ಎಲ್ಲರನ್ನೂ ಮಾವ ಎಂದೇ ಕರೆಯುವವಳು, ಅವನನ್ನು ನೋಡಿ ಕೈ ತಟ್ಟಿದಳು.

"ಅಯ್ಯಯ್ಯ, ನೋಡ್ರೇ ಇಲ್ಲಿ! ಏನ ಮಾವ, ನಿನ್ನೆ ಕಡ್ಡಿ ಇದ್ದೀ, ಇವತ್ತ ಬಣವಿ ಆಗಿ ಬಂದೀ! ದುರಗಮ್ಮ ಏನ ಉಣಿಸ್ಯಾಳಪಾ ರಾತ್ರ್ಯಾಗ?"

"ಉಣಿಸೂದು ಆಕಿಗೆ ಗೊತ್ತು, ನಿನಗ್ಯಾಕ" ಎಂದಳು ಇನ್ನೊಬ್ಬಳು. ನಕ್ಕರು. ನಿನ್ನೆಯ ನಗುವಿನ ಹಾಗಿರಲಿಲ್ಲ ಅದು. ಒಂದು ಕ್ಷಣ ಓಬಳೆಪ್ಪ ನಂಬಿಬಿಟ್ಟ, ಪಕ್ಕೀರವ್ವ ನಿಜವಾಗಿ ಕಂಡದ್ದನ್ನೇ ಹೇಳುತ್ತಿದ್ದಾಳೆ, ಮೈ ಬಂದಿದೆ ಎಂದು. ಅವನೂ ನಕ್ಕ. ಅವಳು ಎದ್ದು ಬಂದು ಸಲಿಗೆಯಿಂದ ಅವನ ಹೊಟ್ಟೆಗೆ ಬೆರಳು ತಿವಿದಳು. ಬೆರಳು ಕೌದಿಯಲ್ಲಿ ಹೂತುಹೋಯಿತು. ಅಂಗಿಯ ಸಂದಿಯಿಂದ ಒಂದು ಬಣ್ಣಗೆಟ್ಟ ಬಟ್ಟೆಯ ಚೂರು ಹೊರಬಂತು. ಪಕ್ಕೀರವ್ವ ಅದನ್ನು ನೋಡಿದಳು, ಅವನ ಮುಖ ನೋಡಿದಳು. ಆ ಚೂರನ್ನು ತಾನೇ ಬೆರಳಿನಿಂದ ಒಳಗೆ ತುರುಕಿ, "ಹೋಗ್ರಿ, ಹೊತ್ತಾತು" ಎಂದು ಮೆಲ್ಲಗೆ ಹೇಳಿ ತನ್ನ ಜಾಗಕ್ಕೆ ಹೋಗಿ ಕೂತಳು. ಯಾವಾಗಲೂ ನೀನು ತಾನು ಎನ್ನುವವಳು ಬಹುವಚನದಲ್ಲಿ ಕರೆದಿದ್ದಳು. ಅವಳು ಕೂಗಿ ಹೇಳಿ ಊರನ್ನೇ ನಗಿಸಿದ್ದರೆ ಅವನು ಬದುಕಿಕೊಳ್ಳುತ್ತಿದ್ದ.

ಅಂಡಿಗೆ ತುಳಿಯುವ ಕೊಟ್ಟಿಗೆಯಲ್ಲಿ ಮೇಲಿನಿಂದ ಅರಳೆ ಸುರಿಯುವ ಆಳು ಹುಸೇನಪ್ಪ ಆಗಲೇ ಸಿದ್ಧಮಾಡಿ ನಿಂತಿದ್ದ. ಎರಡಾಳೆತ್ತರದ ಗೋಣಿಚೀಲವನ್ನು ಬಾಯಿಗೆ ಕಬ್ಬಿಣದ ಬಳೆ ಹಾಕಿ ತೊಲೆಗೆ ತೂಗುಬಿಟ್ಟಿದ್ದರು. ತುಳಿಯುವವನು ಏಣಿ ಹತ್ತಿ ಅದರೊಳಗೆ ಇಳಿಯಬೇಕು. ಮೇಲೆ ಅಟ್ಟಣಿಗೆಯಲ್ಲಿ ನಿಂತವನು ಜಿನ್ನಿನಿಂದ ಬಂದ ಅರಳೆಯನ್ನು ಬಾಚಿ ಬಾಚಿ ಒಳಗೆ ಸುರಿಯುತ್ತಾನೆ. ಒಳಗಿನವನು ಚೀಲದ ಅಂಚು ಹಿಡಿದು ಸುತ್ತಲೂ ತುಳಿಯುತ್ತ ಹೋಗುತ್ತಾನೆ. ಅರಳೆ ಗಟ್ಟಿಯಾಗುತ್ತ ಏರಿದಂತೆ ಅವನೂ ಏರುತ್ತ, ಕೊನೆಗೆ ತುಂಬಿದ ಅಂಡಿಗೆಯ ಬಾಯಿಯಿಂದ ಹೊರಗೆ ಬರುತ್ತಾನೆ. ಇದಕ್ಕೆ ಭಾರದ ಆಳು ಬೇಕು. ಓಬಳೆಪ್ಪ ತುಳಿದ ಅಂಡಿಗೆ ಕಲ್ಲಿನಂತಿರುತ್ತದೆ ಎಂದು ಗದಗಿನ ದಲಾಲರು ಕೂಡ ಹೇಳುತ್ತಿದ್ದರು.

"ಅಣ್ಣಾ, ಸಾವಕಾಶ ಇಳಿ" ಎಂದ ಹುಸೇನಪ್ಪ.

ಒಳಗೆ ಇಳಿದೊಡನೆ ಲೋಕದ ಸದ್ದು ಕಡಿಮೆಯಾಯಿತು. ಗೋಣಿಯ ಸಂದಿಗಳಿಂದ ಬಿಸಿಲು ಚುಕ್ಕಿ ಚುಕ್ಕಿಯಾಗಿ ಬರುತ್ತಿತ್ತು. ಹುಟ್ಟಿದಂದಿನಿಂದ ಮೈಯ ಬಗ್ಗೆ ಮಾತು ಕೇಳಿ ಕೇಳಿ ಬೆಳೆದವನಿಗೆ ಯಾರ ಕಣ್ಣೂ ಮುಟ್ಟದ ಜಾಗ ಸಿಕ್ಕಿದ್ದು ಇಲ್ಲಿ ಮಾತ್ರ. ಇಲ್ಲಿ ಆ ಮೈಗೆ ಬೆಲೆಯಿತ್ತು. ಕಾಲಕೆಳಗೆ ಅರಳೆ ಉಸಿರು ಬಿಟ್ಟು ಕುಸಿಯುವಾಗ, ಇಷ್ಟು ದೊಡ್ಡ ಮೈಯನ್ನು ದೇವರು ಸುಮ್ಮನೆ ಕೊಟ್ಟಿಲ್ಲ ಎನಿಸುತ್ತಿತ್ತು. ಮೇಲಿನಿಂದ ಮೊದಲ ಬುಟ್ಟಿ ಬಿತ್ತು. ಅವನು ಹಿಮ್ಮಡಿ ಊರಿದ. ಅರಳೆ ಬಗ್ಗಿತು, ಕಾಲೆತ್ತಿದ ಕೂಡಲೇ ಮತ್ತೆ ಎದ್ದು ನಿಂತಿತು. ಮತ್ತೆ ತುಳಿದ. ಮತ್ತೆ ಎದ್ದಿತು. ಗಂಗಾವತಿಯ ಕೆಸರು ಹೀಗಿರಲಿಲ್ಲ. ಅದು ಕಾಲನ್ನು ಹಿಡಿದು ಬಿಡುತ್ತಿರಲಿಲ್ಲ. ಮಳೆಗಾಲಕ್ಕೆ ಜಿನ್ನು ನಿಂತಾಗ ಸಾವುಕಾರರೇ ಹೇಳಿ ಕಳಿಸಿದ್ದರು, ಕಾಲುವೆಯ ಕೆಳಗೆ ತಮ್ಮ ಭತ್ತದ ಗದ್ದೆಗಳಿಗೆ. ಮೊಣಕಾಲುದ್ದ ನೀರಲ್ಲಿ ಬಗ್ಗಿ ಸಸಿ ಹಚ್ಚುತ್ತಿದ್ದಾಗ ಮೊದಲ ಚಳಿ ಬಂತು. ಹಲ್ಲು ಕಟಕಟ ಎಂದಿತು. ಮೇಲ್ವಿಚಾರಕ ಬದುವಿನ ಮೇಲಿನಿಂದ, "ಇಷ್ಟ ದೊಡ್ಡ ಮೈ ಐತಿ, ಚಳೀಗೆ ಹೆದರತೀಯಲ್ಲೋ, ಹಚ್ಚು" ಎಂದ. ಹಚ್ಚಿದ. ಒಂದು ದಿನ ಬಿಟ್ಟು ಒಂದು ದಿನ ನಡುಗುತ್ತ ಹಚ್ಚಿದ. ನೀರಿಗೆ ಬಿದ್ದ ದಿನ ಬಂಡಿಯಲ್ಲಿ ಹಾಕಿ ಕಳಿಸಿದರು. ಚಳಿಜ್ವರದ ಕ್ವಿನೈನ್ ಎಲ್ಲ ಯುದ್ಧಕ್ಕೆ ಹೋಗೈತಿ, ಎಲ್ಲೂ ಸಿಗೂದಿಲ್ಲ ಎಂದರು ದವಾಖಾನೆಯಲ್ಲಿ. ಸಾವುಕಾರರ ಮಗನಿಗೆ ಅದೇ ಚಳಿ ಬಂದಾಗ ಸಿಕ್ಕಿತಂತೆ. ಆಮೇಲೆ ಗಾಳೆಮ್ಮನ ಕುಡುಗೋಲು, ಸುಟ್ಟ ತೊಗಲಿನ ವಾಸನೆ, ಕಾಲು ಹಿಡಿದುಕೊಂಡ ದುರಗಮ್ಮನ ಅಳು. ಮೈ ಹೋದದ್ದು ಎಲ್ಲಿಗೆ? ಒಬ್ಬ ಮನುಷ್ಯನ ಅರ್ಧ ಮೈ ಇಲ್ಲವಾದರೆ ಎಲ್ಲೋ ಹೋಗಿರಲೇಬೇಕಲ್ಲ. ಆ ನೀರಲ್ಲಿ, ಆ ಭತ್ತದಲ್ಲಿ.

ಸೆಕೆ. ಕೌದಿ ಬೆವರು ಕುಡಿದು ಭಾರವಾಗಿ ಜಾರತೊಡಗಿತು. ಹಗ್ಗ ಬರೆಗಳ ಮೇಲೆ ಉಜ್ಜಿ ಉರಿಯುತ್ತಿತ್ತು. ಅವನು ಅಂಗಿ ಕಿತ್ತುಹಾಕಿದ. ಗಂಟು ಬಿಚ್ಚಿದ. ಕೌದಿ ಬಿಚ್ಚಿಕೊಂಡು ಅರಳೆಯ ಮೇಲೆ ಬಿತ್ತು. ಮೇಲಿಂದ ಹುಸೇನಪ್ಪ ಬಗ್ಗಿ ನೋಡಿದ.

"ಅಣ್ಣಾ, ಅದೇನದು?"

"ಏನಿಲ್ಲ. ಹಾಕು."

"ಅಣ್ಣಾ..."

"ಹಾಕಂದ್ನೆಲ್ಲೋ!"

ಅರಳೆ ಬಿತ್ತು. ಅವನು ತುಳಿಯಲಿಲ್ಲ. ಕೌದಿಯ ಮೇಲೆ ಕುಕ್ಕರಿಸಿದ. ಇನ್ನೊಂದು ಬುಟ್ಟಿ ತಲೆಯ ಮೇಲೆ, ಹೆಗಲ ಮೇಲೆ ಬಿತ್ತು, ಸದ್ದಿಲ್ಲದೆ, ಮೆತ್ತಗೆ. ಮತ್ತೊಂದು. ಬೆಳಕಿನ ಚುಕ್ಕಿಗಳು ಮುಚ್ಚಿಹೋದವು. ಹೀಗೇ ಆಗಲಿ, ಎಂದುಕೊಂಡ. ಯಾರೂ ನೋಡದ ಹಾಗೆ ಮುಚ್ಚಿಹೋಗಲಿ. ಹೊಲಿದು, ಗುರುತು ಹಾಕಿ, ರೈಲಿಗೆ ಏರಿಸಲಿ. ಯಾವುದೋ ಊರಿನ ಗಿರಣಿಯಲ್ಲಿ ಬಿಚ್ಚಿದಾಗ ಸಿಗಲಿ ಈ ತೊಗಲು. ದುರಗಮ್ಮ ಅಳುತ್ತಾಳೆ. ಆಮೇಲೆ ಬೆಣ್ಣೆಯನ್ನು ತಾನೇ ತಿನ್ನುತ್ತಾಳೆ. ಒಳ್ಳೆಯದು. ಅವನು ಬಾಯಿ ತೆರೆದು ಉಸಿರೆಳೆದ. ಅರಳೆಯ ಎಳೆ ಗಂಟಲಿಗೆ ಹೋಯಿತು. ಆಗ ಮೈ ಎದ್ದಿತು. ಅವನನ್ನು ಕೇಳದೆಯೇ ಎದ್ದಿತು. ಕೆಮ್ಮಿತು, ಒದ್ದಿತು, ಎರಡೂ ಕೈಗಳಿಂದ ಬಿಳುಪನ್ನು ಹರಿದು ಮೇಲೆ ಬಂದು ಗೋಣಿಯ ಅಂಚನ್ನು ಕಚ್ಚಿ ಹಿಡಿಯಿತು. ಕಣ್ಣಲ್ಲಿ ಮೂಗಲ್ಲಿ ನೀರು. ಹುಸೇನಪ್ಪ ಮೇಲಿಂದ ಕೂಗುತ್ತಿದ್ದ. ಓಬಳೆಪ್ಪ ಅಂಚಿಗೆ ಜೋತು ಬಿದ್ದು, ತನ್ನ ತೋಳನ್ನು ನೋಡಿದ. ಹಗ್ಗದಂಥ ನರ, ಅದರ ಕೆಳಗೆ ಜೋಲುವ ತೊಗಲು, ತೊಗಲಿಗೆ ಅಂಟಿದ ಅರಳೆ. ಈ ಸತ್ವವಿಲ್ಲದ ತೋಳು ತನ್ನನ್ನು ಎಳೆದು ಹಾಕಿದ್ದು ಯಾವ ಆಸೆಗೆ? ಬೆಳಿಗ್ಗೆ ಬೇರೆಯವರ ಮೈ ಎಂದು ಕೈ ತೆಗೆದಿದ್ದನಲ್ಲ, ಆ ಹೊಟ್ಟೆ ಮೇಲೆ ಕೆಳಗೆ ಹೋಗುತ್ತಿತ್ತು, ಬರೆಗಳ ಸಮೇತ. ನೋಡಿದ. ಕನ್ನಡಿ ಇಲ್ಲದೆ, ಒಟ್ಟಿಗೆ. ಚಂದ ಕಾಣಲಿಲ್ಲ. ಆದರೂ ಕಣ್ಣು ತೆಗೆಯಲಾಗಲಿಲ್ಲ.

"ಹಾಕೋ ಹುಸೇನಪ್ಪಾ. ತುಳೀತೀನಿ."

ತುಳಿದ. ಭಾರವಿಲ್ಲದ್ದಕ್ಕೆ ಜಾಸ್ತಿ ಹೊತ್ತು ತುಳಿದ, ಒಂದೇ ಕಡೆ ನಿಂತು ನಿಂತು ತುಳಿದ. ಮೊದಲು ಅವನ ತಲೆ ಅಂಡಿಗೆಯ ಬಾಯಿಯ ಮೇಲೆ ಬಂತು, ಆಮೇಲೆ ಹೆಗಲು, ಎದೆ. ಅಂಗಿ ಕೌದಿ ಎಲ್ಲ ಕೆಳಗೆ ಅರಳೆಯಲ್ಲಿ ಹೂತುಹೋಗಿದ್ದವು. ಕೊಟ್ಟಿಗೆಯ ಬಾಗಿಲಲ್ಲಿ ಆಳುಗಳು ಸೇರಿದ್ದರು. ಹೆಂಗಸರ ನಡುವೆ ದುರಗಮ್ಮ ನಿಂತಿದ್ದಳು, ಸೆರಗು ಬಾಯಿಗೆ ಒತ್ತಿಕೊಂಡು. ಮುನೀಮ ಯಂಕೋಬ ಬಂದು ಬೆತ್ತದಿಂದ ಅಂಡಿಗೆಯ ಮಗ್ಗುಲಿಗೆ ತಿವಿದ. ಬೆತ್ತ ಒಳಗೆ ಹೋಯಿತು.

"ಸಾವುಕಾರ್ರ, ನೋಡ್ರಿಲ್ಲಿ. ಗಾದಿ ಮಾಡ್ಯಾನ್ರಿ, ಗಾದಿ. ಮಕ್ಕೋಬೌದು."

ಅಮರಪ್ಪ ಸಾವುಕಾರರು ಒಳಗೆ ಬಂದರು. ಮೇಲೆ ನೋಡಿ ಮುಖ ಸಿಂಡರಿಸಿದರು. "ಏ, ಅದೇನಲೇ ಬರಿಮೈಯಾಗ? ಅಂಗಿ ಹಾಕ್ಕೊ. ನೋಡಾಕ ಆಗವಲ್ತು."

ಓಬಳೆಪ್ಪನ ಕೈ ಎದೆ ಮುಚ್ಚಲು ತಾನಾಗಿ ಎದ್ದಿತು. ಅರ್ಧದಲ್ಲಿ ನಿಂತಿತು. ಅಂಚನ್ನು ಹಿಡಿಯಿತು.

"ಬ್ಯಾರೇದವನ್ನ ಹುಡಕೂತನಕ ಇವನೇ ಆಗಬೇಕ್ರಿ" ಎಂದ ಯಂಕೋಬ, ದನಿ ತಗ್ಗಿಸಿ. "ಬಂಡಿ ಸಾಲು ನಿಂತಾವು. ಒಂದು ಕೆಲಸ ಮಾಡೂಣು. ತೂಕ ತಾನೆ ಬೇಕು? ಬೀಸೂಕಲ್ಲಿನ ಮ್ಯಾಲಿನ ಹೋಳು ಐತಲ್ರಿ, ತೂತಿಂದು. ಹಗ್ಗ ಪೋಣಿಸಿ ಇವನ ನಡಕ್ಕ ಕಟ್ಟಿಬಿಡೂಣು. ಹೋದ ವರ್ಷದಷ್ಟ ಆಕ್ಕಾನ."

ಸಾವುಕಾರರು ಒಂದು ಕ್ಷಣ ಯೋಚಿಸಿ ನಕ್ಕರು. "ಭೇಷ್ ಯಂಕೋಬ. ಲೇ ಹುಸೇನ್ಯಾ, ಇಳಿದು ತೊಗೊಂಬಾರಲೇ ಕಲ್ಲು. ಓಬಳ್ಯಾ, ಏಣಿಗೆ ಬಾ. ಕಟ್ತಾರ."

ಕಲ್ಲು. ನಾಚಿಕೆಗೇಡು ಎನಿಸಲಿಲ್ಲ ಅವನಿಗೆ ಮೊದಲು. ಬೇಕು ಎನಿಸಿತು. ನಡುವಿಗೆ ಆ ಭಾರ ಬಿದ್ದರೆ ಹೇಗಿರುತ್ತದೆ ಎಂದು ಮೈ ಊಹಿಸಿಬಿಟ್ಟಿತು: ಕಾಲು ಊರಿದರೆ ನೆಲ ತಗ್ಗುವುದು, ಅರಳೆ ಉಸ್ಸೆಂದು ಕೂರುವುದು, ಅಂಡಿಗೆ ಕಲ್ಲಾಗುವುದು, ಬಂಡಿಯವರು ದಾರಿ ಬಿಡುವುದು. ಒಳಗಿರುವ ಆ ಹಳೆಯ ದಪ್ಪ ಮನುಷ್ಯ ತನಗೆ ಮನೆ ಸಿಕ್ಕಿತೆಂದು ಎದ್ದು ನಿಂತ. ಓಬಳೆಪ್ಪನ ಒಂದು ಕಾಲು ಏಣಿಯ ಕಡೆಗೆ ಸರಿಯಿತು ಕೂಡ. ಕೆಳಗೆ ಸಾವುಕಾರರು ಆಗಲೇ ಅತ್ತ ತಿರುಗಿ ಬಂಡಿಯವನ ಹತ್ತಿರ ಬೇರೆ ಮಾತಾಡುತ್ತಿದ್ದರು. ಇದು ಮುಗಿದ ಮಾತು ಅವರಿಗೆ. ಹಗ್ಗ ಯಾವುದು, ಗಂಟು ಎಲ್ಲಿ ಹಾಕಬೇಕು ಎಂದು ಯಂಕೋಬ ಅವನ ನಡುವನ್ನು ಕಣ್ಣಲ್ಲೇ ಅಳೆಯುತ್ತಿದ್ದ. ಗಂಟು ಬೀಳುವ ಜಾಗದಲ್ಲಿ ಬರೆಗಳಿದ್ದವು. ಸ್ವಲ್ಪ ಹೊತ್ತಿನ ಹಿಂದೆ, ಯಾರೂ ಹೇಳದೆ, ಕೆಮ್ಮುತ್ತ ಎದ್ದು ಬಂದ ಮೈ ಅದು. ಅದಕ್ಕೆ ಕಲ್ಲು ಕಟ್ಟುತ್ತಾರೆ. ಅವನಿಗೆ ಅದರ ಮೇಲೆ, ತನ್ನ ಮೈಯ ಮೇಲೆ, ಎಂದೂ ಬಾರದಿದ್ದ ಒಂದು ಮರುಕ ಬಂತು. ಹೊಡೆತ ತಿನ್ನುತ್ತಿರುವ ಬೇರೆಯವರ ಮಗುವನ್ನು ನೋಡಿದಾಗ ಬರುವಂಥದ್ದು. ಅದರ ಬೆನ್ನಿಗೇ ಸಿಟ್ಟು.

ಹುಸೇನಪ್ಪ ಅಟ್ಟಣಿಗೆಯಿಂದ ಇಳಿದಿರಲಿಲ್ಲ. ಬುಟ್ಟಿ ಹಿಡಿದು ನಿಂತೇ ಇದ್ದ.

"ಏನಲೇ, ಕಿವ್ಯಾಗ ಅರಳಿ ತುಂಬೇತೇನು? ಬಾರಲೇ ಏಣಿಗೆ" ಎಂದ ಯಂಕೋಬ ಓಬಳೆಪ್ಪನಿಗೆ.

"ಮುನೀಮರ" ಎಂದ ಓಬಳೆಪ್ಪ. ದನಿ ಒಡೆದಿತ್ತು, ಮತ್ತೆ ಕೆಮ್ಮಿ ಸರಿಮಾಡಿಕೊಂಡ. "ನನ್ನ ತೂಕ ಎಲ್ಲಿ ಹೋತು ಅಂತ ನಿನ್ನೆ ನಕ್ಕೋಂತ ಕೇಳಿದ್ರಲ್ರಿ. ಗಂಗಾವತ್ಯಾಗ ಐತ್ರಿ ಅದು. ಸಾವುಕಾರ್ರ ಗದ್ದ್ಯಾಗ. ಬೇಕಂದ್ರ ಅಲ್ಲಿ ಹೋಗಿ ತರ್ರಿ."

ಸಾವುಕಾರರು ತಿರುಗಿದರು. ಬಾಗಿಲಲ್ಲಿದ್ದವರು ಯಾರೂ ನಗಲಿಲ್ಲ.

"ಏನಂದಿ?" ಎಂದರು ಸಾವುಕಾರರು, ಮೆಲ್ಲಗೆ. "ಇಳೀ ಕೆಳಗ. ಕಲ್ಲು ಕಟ್ಟಿಸಿಕೊ, ಇಲ್ಲಾ ಹೆಂಗಸರ ಸಾಲಿನಾಗ ಹೋಗಿ ಕುಂದ್ರು. ಇವತ್ತಿನ ಇವತ್ತ ಹೇಳಾಕತ್ತೀನಿ."

"ಕಸಾ ಆರಸೂದು ಕೆಟ್ಟ ಕೆಲಸ ಅಲ್ರಿ. ಅದರ ಕೂಳು ಉಂಡು ಬದುಕೀನಿ ನಾನು." ಓಬಳೆಪ್ಪ ದುರಗಮ್ಮನ ಕಡೆ ನೋಡಲಿಲ್ಲ, ನೋಡಿದರೆ ಅತ್ತುಬಿಡುತ್ತಿದ್ದ. "ಆದ್ರ ಈ ಅಂಡಿಗಿ ನಾನ ತುಳಿದದ್ದು, ಇದು ನಂದು. ಕಲ್ಲು ಕಟ್ಕೊಳ್ಳಾರದ ನಾನ ಮುಗಸ್ತೀನಿ."

"ಇಳೀತಿಯೋ ಇಲ್ಲೋ?"

"ಇಲ್ರಿ."

ಅವನು ಕಾಲೆತ್ತಿ, ಅರಳೆಯ ಮೇಲೆ ಊರಿದ.